ಮಗಳಿಗೊಂದು ಪತ್ರ: ಕಳಚಿದ ಮೊಳೆಗಳು

ಪುಟ್ಟೀ,

ಭಾನುವಾರ ನೀನು ಊಟದ ತಟ್ಟೆ ಬಿಟ್ಟು ಎದ್ದು ಹೋದ ಮೇಲೆ ನಿನ್ನಮ್ಮ ನನ್ನೊಡನೆ ಮಾತು ಬಿಟ್ಟಿದ್ದಾಳೆ. ನೀನು ಬರೆದದ್ದು ಗದ್ಯವೋ ಪದ್ಯವೋ ಎಂಬ ವಾದದಲ್ಲಿ ನಾನು ಆಡಿದ್ದನ್ನು ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ.

ನೀನು ಕಳಿಸಿದ್ದ, ಅಮೆರಿಕದ ಜಾಝ್ ವಾದಕ ಜಾನ್ ಕೊಲ್ಟ್ರೇನನ 'ಅಲಬಾಮಾ'ವನ್ನು ಸೋಮವಾರ ರಾತ್ರಿ ಕೇಳಿದೆ. 1963ರ ಸೆಪ್ಟೆಂಬರ್‌ನಲ್ಲಿ ಆ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನಲ್ಲಿ ಕಪ್ಪು ಜನರ ಚರ್ಚಿಗೆ ಬಾಂಬಿಟ್ಟು ನಾಲ್ಕು ಹೆಣ್ಣುಮಕ್ಕಳನ್ನು ಕೊಂದರಲ್ಲ, ಅದಾದ ಎರಡು ತಿಂಗಳಿಗೆ ನುಡಿಸಿದ್ದು. ಒಂದು ಪದವೂ ಇಲ್ಲ. ಸ್ಯಾಕ್ಸೋಫೋನ್ ಏನೋ ಹೇಳಲು ಹೊರಟು, ಗಂಟಲು ಕಟ್ಟಿದಂತೆ ನಿಂತು, ಬಿಟ್ಟಲ್ಲಿಂದಲೇ ಮತ್ತೆ ಎತ್ತಿಕೊಳ್ಳುತ್ತದೆ. ಮೊದಲ ಸಲ ಗೊಣಗಿದೆ. ಮೂರನೆಯ ಸಲ ನಿನ್ನ ಪದ್ಯವನ್ನು ಎದುರಿಗಿಟ್ಟುಕೊಂಡು ಕೇಳಿದೆ. ನೀನು ಸಾಲನ್ನು ಅಲ್ಲೇ ಏಕೆ ಮುರಿದಿದ್ದೀಯ ಎಂಬುದು ಆಗ ತಿಳಿಯಿತು. ತಾಳಮಾನ ಅರಿಯೆ, ಒಲಿದಂತೆ ಹಾಡುವೆ ಎಂದ ಬಸವಣ್ಣನನ್ನು ಎಷ್ಟು ಪುಸ್ತಕಗಳಿಗೆ ಅಚ್ಚಿನ ಮೊಳೆಗಳಲ್ಲಿ, ಸೀಸದ ಅಕ್ಷರಗಳಲ್ಲಿ, ಜೋಡಿಸಿದ್ದೇನೋ ಲೆಕ್ಕವಿಲ್ಲ. ಕೈ ಓದಿತ್ತು, ಕಿವಿ ಓದಿರಲಿಲ್ಲ.

ನಿನಗೆ ಹೇಳದ ಒಂದು ಸಂಗತಿ ಇದೆ. 1976, ತುರ್ತು ಪರಿಸ್ಥಿತಿ. ಕಾಟನ್‌ಪೇಟೆಯ ಪ್ರೆಸ್ಸಿನಲ್ಲಿ ನಾನು ಮೊಳೆ ಜೋಡಿಸುತ್ತಿದ್ದೆ, ಹತ್ತೊಂಬತ್ತು ವರ್ಷ. ಒಬ್ಬ ಹುಡುಗ ನೋಟ್‌ಬುಕ್ಕಿನಿಂದ ಹರಿದ ಎರಡು ಹಾಳೆ ಕೊಟ್ಟು, ಇನ್ನೂರು ಕರಪತ್ರ ಬೇಕೆಂದ. ಪದ್ಯ. ಒಂದು ಸಾಲಿಗೆ ಒಂದೇ ಪದ, ಇನ್ನೊಂದು ಸಾಲು ಪುಟದ ಆ ತುದಿಗೆ. ಇಂಥದ್ದು ನಮಗೆ ಶಾಪ. ಓದುವವರಿಗೆ ಖಾಲಿಯಾಗಿ ಕಾಣುವ ಜಾಗಕ್ಕೂ ಸೀಸದ ತುಂಡು ತುಂಬಬೇಕು, ಇಲ್ಲದಿದ್ದರೆ ಅಚ್ಚು ಕದಲುತ್ತದೆ. ಆ ಪದ್ಯದಲ್ಲಿ ಅಕ್ಷರಕ್ಕಿಂತ ಖಾಲಿಯೇ ಭಾರವಾಗಿತ್ತು. ರಾತ್ರಿ ಹನ್ನೊಂದಕ್ಕೆ ಜೋಡಿಸಿ ಮುಗಿಸಿದೆ. ಅಷ್ಟರಲ್ಲಿ ಪಕ್ಕದ ಬೀದಿಯ ಪ್ರೆಸ್ಸಿಗೆ ಪೊಲೀಸರು ಬಂದಿದ್ದಾರೆಂಬ ಸುದ್ದಿ ಬಂತು. ಮಾಲೀಕರು 'ಕಳಚು' ಎಂದರು. ಕಳಚಿದೆ. ಒಂದೊಂದೇ ಮೊಳೆಯನ್ನು ಅದರದರ ಮನೆಗೆ ಹಾಕಿದೆ. ಹಾಳೆಗಳು ಕಾಫಿ ಕಾಯಿಸುವ ಒಲೆಗೆ ಹೋದವು. ಹಾಕಿದವನೂ ನಾನೇ. ಪೊಲೀಸರು ನಮ್ಮಲ್ಲಿಗೆ ಬರಲೇ ಇಲ್ಲ.

ಬೆಳಿಗ್ಗೆ ಹುಡುಗ ಬಂದ. ಬೇರೆ ಪ್ರತಿ ಇಲ್ಲ ಎಂದ. ಬೈಯಲಿಲ್ಲ, ಕೊಟ್ಟಿದ್ದ ಮುಂಗಡವನ್ನೂ ಕೇಳಲಿಲ್ಲ. ಮೊಳೆಯ ಅಕ್ಷರ ತಿರುವುಮುರುವಲ್ಲವೇ, ನಾವು ಅರ್ಥ ನೋಡದೆ ಜೋಡಿಸುತ್ತಿದ್ದೆವು. ಒಂದು ಪದವೂ ನನ್ನಲ್ಲಿ ಉಳಿದಿಲ್ಲ. ಎಲ್ಲಿ ಎಷ್ಟು ಸೀಸ ತುಂಬಿದ್ದೆ ಎಂಬುದು ಮಾತ್ರ ಬೆರಳಿಗೆ ಇನ್ನೂ ಗೊತ್ತು.

ಈಗ ನೀನು ಫ್ರೀಡಂ ಪಾರ್ಕಿನಲ್ಲಿ ನಿನ್ನ ಪದ್ಯ ಓದುತ್ತೇನೆ ಎನ್ನುತ್ತೀಯ. ನಿನಗದು ಪಾರ್ಕು, ನನಗೆ ಇಂದಿಗೂ ಅಲ್ಲಿ ಮೊದಲಿದ್ದ ಸೆಂಟ್ರಲ್ ಜೈಲು. ಅಮೆರಿಕದ ಕಪ್ಪು ಕವಿ ಅಮಿರಿ ಬರಾಕಾನ ಕಥೆ ಹೇಳಿದವಳೂ ನೀನೇ: 1967ರ ನ್ಯೂವಾರ್ಕ್ ಗಲಭೆಯಲ್ಲಿ ಬಂದೂಕು ಇಟ್ಟುಕೊಂಡಿದ್ದನೆಂದು ಹಿಡಿದರು, ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರು ಅವನದೇ ಪದ್ಯವನ್ನು ಕೋರ್ಟಿನಲ್ಲಿ ಓದಿದರು. ಮೇಲಿನ ಕೋರ್ಟಿನಲ್ಲಿ ಆ ತೀರ್ಪು ನಿಲ್ಲಲಿಲ್ಲ ಎಂದು ನೀನು ನಕ್ಕೆ. ನನಗೆ ನಗು ಬರಲಿಲ್ಲ. ಆ ಭಯವೇ ಸಿಟ್ಟಾಗಿ ಭಾನುವಾರ ಗದ್ಯಪದ್ಯದ ವಾದವಾಗಿ ಹೊರಬಂತು. ತಪ್ಪು ನನ್ನದು.

ಆದರೂ ಹೇಳುತ್ತೇನೆ, ಕೇಳು. ಒಬ್ಬಳೇ ಹೋಗಬೇಡ. ವಕೀಲರ ನಂಬರನ್ನು ಕಾಗದದಲ್ಲಿ ಬರೆದುಕೋ, ಮೊಬೈಲನ್ನು ನಂಬಬೇಡ. ಘೋಷಣೆ ಕೂಗುವವರೆಲ್ಲ ಸ್ನೇಹಿತರಲ್ಲ. ಸಿಟ್ಟು ಬಂದಾಗ ಬರೆದದ್ದನ್ನು ಒಂದು ರಾತ್ರಿ ಇಟ್ಟು ನೋಡು. ಚಪ್ಪಾಳೆ ಬಿತ್ತೆಂದು ಪದ್ಯ ಗೆದ್ದಂತಲ್ಲ... ಇನ್ನು ನಿಲ್ಲಿಸುತ್ತೇನೆ, ಭಾಷಣವಾಯಿತು. ಒಂದು ಪ್ರತಿಯನ್ನು ಮಾತ್ರ ಮನೆಯಲ್ಲಿ ಇಡು. ನನ್ನ ಟ್ರಂಕಿನಲ್ಲಿ ಜಾಗ ಮಾಡಿದ್ದೇನೆ.

ಎರಡನೆಯ ಪುಟದಲ್ಲಿ 'ಬಾಗಿಲು' ಎಂಬ ಪದವಾದ ಮೇಲೆ ಸಾಲು ಮುರಿದಿದ್ದೀಯ. ಅದಕ್ಕೆ ಮುಂಚೆಯೂ ಮುರಿದರೆ 'ಬಾಗಿಲು' ಒಂಟಿಯಾಗಿ ನಿಲ್ಲುತ್ತದೆ. ಓದಿ ನೋಡು.

ಶನಿವಾರ ಎಷ್ಟು ಗಂಟೆಗೆ ಎಂದು ಅಮ್ಮನಿಗೆ ಫೋನ್ ಮಾಡಿ ಹೇಳು. ನಿನ್ನ ಕೊಡೆ ಇಲ್ಲೇ ಉಳಿದಿದೆ, ತರುತ್ತೇನೆ.

ಅಪ್ಪ