ಮಗಳಿಗೊಂದು ಪತ್ರ: ಅವೈಲ್ ಜೊತೆಗೊಂದು ಮೈಸೆಲ್ಫ್ ಬೇಕು ಮಾರಾಯ್ತಿ

ಪುಟ್ಟಿ,

ನಿನ್ನ ಅಪ್ಲಿಕೇಶನ್ ಲೆಟರ್ ಓದಿದೆ. ಚೆನ್ನಾಗಿದೆ, ತೋಟದ ಮಣ್ಣಿನ ಬಗ್ಗೆ ಬರ್ದಿರೋ ಪ್ಯಾರಾ ಅಂತೂ ಅಪ್ಪಯ್ಯಂಗೆ ಕನ್ನಡದಲ್ಲಿ ಹೇಳ್ದೆ, ಇನ್ನೊಂದ್ಸಲ ಹೇಳು ಅಂದ್ರು. ಆದ್ರೆ ಒಂದೇ ಪುಟದಲ್ಲಿ ನಾಲ್ಕು ಕಡೆ ಇಂಗ್ಲಿಷಿನ "ಅವೈಲ್" (avail) ಹಾಕಿದೀಯ, ನಾಲ್ಕೂ ಕಡೆ ಸರಿಯಾಗಿ ಕೂತಿಲ್ಲ. ಫೋನಲ್ಲೇ ಹೇಳೋಣ ಅಂದ್ರೆ ಈ ಮಳೇಲಿ ನಮ್ಮನೆ ನೆಟ್‌ವರ್ಕ್ ನಿಂಗೆ ಗೊತ್ತಲ್ಲ, ಅರ್ಧ ಕೇಳ್ತದೆ ಅರ್ಧ ಇಲ್ಲ, ವ್ಯಾಕರಣ ಅರ್ಧ ಕೇಳೋದಕ್ಕಿಂತ ಕೇಳ್ದೇ ಇರೋದು ವಾಸಿ, ಅದ್ಕೆ ಕೂತು ಬರೀತಿದೀನಿ.

"ಐ ವಾಂಟ್ ಟು ಅವೈಲ್ ದಿಸ್ ಸ್ಕಾಲರ್‌ಶಿಪ್" ಅಂತ ಶುರು ಮಾಡಿದೀಯಲ್ಲ, ಅದು ಎಲ್ಲಿಂದ ಬಂತು ಅಂತ ನಂಗೆ ಗೊತ್ತು. ಬ್ಯಾಂಕಿನ ಮೆಸೇಜಲ್ಲಿ ಅವೈಲ್ ಲೋನ್, ಬಟ್ಟೆ ಅಂಗಡಿ ಬೋರ್ಡಲ್ಲಿ ಅವೈಲ್ ಆಫರ್, ನಮ್ಮ ಸ್ಕೂಲಿನ ರಜೆ ರಿಜಿಸ್ಟರಲ್ಲೂ ಒಂದು ಕಾಲಂ ತಲೆ ಮೇಲೆ "ಲೀವ್ ಅವೈಲ್ಡ್", ಪಕ್ಕದ್ದರಲ್ಲಿ "ಬ್ಯಾಲೆನ್ಸ್". ಸ್ಟಾಫ್ ರೂಮಲ್ಲಿ ಯಾರೂ ಹಾಗೆ ಮಾತಾಡ್ತಿರ್ಲಿಲ್ಲ, ಸಿಎಲ್ ಹಾಕಿದೀನಿ ಅಂತಿದ್ವಿ ಅಷ್ಟೇ, ಪೆನ್ನು ಹಿಡಿದ ಕೂಡ್ಲೇ ಮಾತ್ರ ಎಲ್ರೂ ಅವೈಲ್ ಮಾಡೋರೇ. ಇಂಡಿಯಾದ ಇಂಗ್ಲಿಷಲ್ಲಿ ಇದು ಬೇರು ಬಿಟ್ಟು ಎಷ್ಟೋ ಕಾಲ ಆಯ್ತು, ಇಲ್ಲಿನ ಆಫೀಸಿಗೆ ಬರೆಯೋದಾದ್ರೆ ನಾನು ಕೆಂಪು ಇಂಕಲ್ಲಿ ಸುತ್ತು ಹಾಕಲ್ಲ. ಆದ್ರೆ ನಿನ್ನ ಲೆಟರ್ ಹೋಗ್ತಿರೋದು ಇಂಗ್ಲೆಂಡಿಗೆ, ಅಲ್ಲಿ ಓದೋರಿಗೆ ಇಲ್ಲಿ ಎಂತದೋ ಬಿಟ್ಟು ಹೋಗಿದೆಯಲ್ಲ ಅನ್ಸ್ತದೆ, ಅದೂ ಮೊದಲ್ನೇ ಸಾಲಲ್ಲೇ.

ಮೂಲದಲ್ಲಿ ಅವೈಲ್ ಅಂದ್ರೆ "ಉಪಯೋಗಕ್ಕೆ ಬರು", "ಫಲ ಕೊಡು". ನಾವು ಅಂದ್ಕೊಂಡಿರೋ ಹಾಗೆ "ಪಡೆ" ಅಲ್ಲ. ಲ್ಯಾಟಿನ್ನಿನ ವಲೇರೆ ಅನ್ನೋ ಕ್ರಿಯಾಪದ ಫ್ರೆಂಚ್ ಮೇಲಿಂದ ಇಂಗ್ಲಿಷಿಗೆ ಬಂದದ್ದು, ಶಕ್ತಿ ಇರು, ಬೆಲೆ ಬಾಳು ಅಂತ ಅದ್ರ ಅರ್ಥ, ವ್ಯಾಲ್ಯೂ, ವ್ಯಾಲಿಡ್ ಎಲ್ಲ ಅದೇ ಬಳಗದವು. ಹಾಗಾಗಿ ಅವೈಲ್ ಮಾಡೋದು ಮನುಷ್ಯ ಅಲ್ಲ, ವಸ್ತು ಅಥವಾ ಕೆಲಸ. 1611ರ ಕಿಂಗ್ ಜೇಮ್ಸ್ ಬೈಬಲಲ್ಲಿ ನೀತಿವಂತನ ಪ್ರಾರ್ಥನೆ "ಅವೈಲೆತ್ ಮಚ್" ಅಂತ ಬರ್ತದೆ, ಅಂದ್ರೆ ಬಹಳ ಫಲ ಕೊಡ್ತದೆ ಅಂತ.

ನಮ್ಮ ತೋಟದ್ದೇ ತಗೋ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸೋದು ಮಳೆ ಹಿಡಿಯೋ ಮುಂಚೆ ಒಂದ್ಸಲ, ಆಮೇಲೆ 40–45 ದಿನಕ್ಕೆ ಇನ್ನೊಂದ್ಸಲ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೀನೇ ಎಷ್ಟು ಸಲ ಕಲಸಿದೀಯ. ಔಷಧಿ ಹೊಡೆಯೋಕೆ ಜನ ಸಿಗ್ದೆ, ಮಳೆ ಬಿಡ್ದೆ ತಡ ಆಗಿ, ಗೊನೆಯಿಂದ ಕಾಯಿ ಉದುರೋಕೆ ಶುರುವಾದ್ಮೇಲೆ ಹೊಡೆಸಿದ್ರೆ ಎಂತ ಪ್ರಯೋಜನ? ಅಲ್ಲಿ ಬರೀಬೇಕು "ದ ಲೇಟ್ ಸ್ಪ್ರೇ ಅವೈಲ್ಡ್ ನಥಿಂಗ್" ಅಂತ. ಇಲ್ಲಾಂದ್ರೆ "ವೀ ಸ್ಪ್ರೇಡ್ ಅಗೇನ್, ಬಟ್ ಟು ನೋ ಅವೈಲ್", ಇದ್ರಲ್ಲಿ ಅದು ನಾಮಪದ, ಹೊಡೆದ್ವಿ ಆದ್ರೆ ಉಪಯೋಗ ಆಗ್ಲಿಲ್ಲ. ಎರಡೂ ಅಪ್ಪಟ ಇಂಗ್ಲಿಷು.

ಹಾಗಾದ್ರೆ ಮನುಷ್ಯ ಯಾವುದನ್ನಾದ್ರೂ ಉಪಯೋಗಕ್ಕೆ ತಗೊಂಡ ಅಂತ ಹೇಳೋದು ಹೆಂಗೆ ಅಂತೀಯ. ಅಲ್ಲೇ ಎರಡು ಸಣ್ಣ ಪದ ಬೇಕಾಗೋದು, ಮೈಸೆಲ್ಫ್ ಮತ್ತೆ ಆಫ್. "ಐ ಅವೈಲ್ಡ್ ಮೈಸೆಲ್ಫ್ ಆಫ್ ದಿ ಆಪರ್ಚುನಿಟಿ". ಮಾತು ಯಾರದ್ದೋ ಅವ್ರಿಗೆ ತಕ್ಕಂತೆ ಯುವರ್‌ಸೆಲ್ಫ್, ಹರ್‌ಸೆಲ್ಫ್, ದೆಮ್‌ಸೆಲ್ವ್ಸ್ ಆಗ್ತದೆ. ಕ್ಲಾಸಲ್ಲಿ ಮಕ್ಳು ಇದೆಂತ ಮೇಡಂ ಸುತ್ತಿ ಬಳಸಿ ಅಂತ ನಗೋರು, ಆದ್ರೆ ಇದು ನಮ್ಗೆ ಹೊಸತೇ ಅಲ್ಲ. ಊಟಕ್ಕೆ ಕೂತಾಗ ನಾನು "ಸಾರು ಬಡಿಸು" ಅಂದ್ರೆ ನೀನು ಪಕ್ಕದೋರ ಎಲೆಗೆ ಹೋಗ್ತೀಯ, "ಬಡಿಸ್ಕೋ" ಅಂದ್ರೆ ನಿನ್ನ ಎಲೆಗೇ ಹಾಕ್ಕೊಳ್ತೀಯ. ಆ "ಕೋ" ಇದೆಯಲ್ಲ, ಮಾಡ್ಕೋ ತಗೋ ಉಪಯೋಗಿಸ್ಕೋ ಅಂತ ದಿನಾ ನೂರು ಸಲ ಬಾಯಲ್ಲಿ ಬರೋದು, ಇಂಗ್ಲಿಷಿನ ಆ ಮೈಸೆಲ್ಫ್ ಮಾಡೋ ಕೆಲಸ ಅದೇ. ಅದನ್ನ ಬಿಟ್ಟು ಬರೆದ್ರೆ "ಬಡಿಸ್ಕೋ" ಅನ್ನೋ ಕಡೆ "ಬಡಿಸು" ಅಂದ ಹಾಗೆ. ಕೆಲವ್ರು ಮೈಸೆಲ್ಫ್ ಬಿಟ್ಟು ಬರೀ ಆಫ್ ಇಟ್ಕೊಂಡು "ಅವೈಲ್ ಆಫ್ ದಿ ಆಫರ್" ಅಂತಾರೆ, ಇಲ್ಲೂ ಇದೆ ಫಿಲಿಪೀನ್ಸಲ್ಲೂ ಇದೆ, ನೀನು ಆ ಅರ್ಧ ದಾರಿಗೆ ಹೋಗ್ಬೇಡ.

ಎರಡೂ ಬಳಕೆ ಒಟ್ಟಿಗೆ ನೋಡ್ಬೇಕಂದ್ರೆ ನಮ್ಮ ಬಸ್ಸು ಸಾಕು. 2023ರ ಜೂನಲ್ಲಿ ಶಕ್ತಿ ಯೋಜನೆ ಬಂತಲ್ಲ, ಹೆಂಗಸ್ರಿಗೆ ಸರ್ಕಾರಿ ಬಸ್ಸು ಫ್ರೀ. ಬೆಂಗಳೂರಲ್ಲಿ ನಿನ್ನ ಚಿಕ್ಕಮ್ಮ ದಿನಾ ಓಡಾಡ್ತಾಳೆ, "ಶಿ ಅವೈಲ್ಸ್ ಹರ್‌ಸೆಲ್ಫ್ ಆಫ್ ದ ಸ್ಕೀಮ್". ನಮ್ಮೂರ ದಾರೀಲಿ ಬರೋದೆಲ್ಲ ಪ್ರೈವೇಟ್ ಬಸ್ಸು, ಅದ್ರಲ್ಲಿ ಆಧಾರ್ ಕಾರ್ಡ್ ತೋರಿಸಿದ್ರೆ ಕಂಡಕ್ಟರ್ ನಗ್ತಾನೆ ಅಷ್ಟೇ, "ದ ಸ್ಕೀಮ್ ಅವೈಲ್ಸ್ ಅಸ್ ಲಿಟಲ್". ಅವಳು ಉಪಯೋಗ ಮಾಡ್ಕೊಂಡ್ಲು, ನಮ್ಗೆ ಉಪಯೋಗಕ್ಕೆ ಬರ್ಲಿಲ್ಲ. (ಸರ್ಕಾರಿ ಬಸ್ಸು ಬಿಡಿ ಅಂತ ಅರ್ಜಿ ಕೊಟ್ಟಿದೀವಿ, ನೋಡುವ.)

ಇಷ್ಟೆಲ್ಲ ಹೇಳಿ ಈಗ ಉಲ್ಟಾ ಹೇಳ್ತೀನಿ, ನಿನ್ನ ನಾಲ್ಕರಲ್ಲಿ ಮೂರು ಕಡೆ ಅವೈಲ್ ಬೇಕಾಗೇ ಇಲ್ಲ. ಕೈಗೆ ಎಟುಕೋ ಹಾಗೆ ಇರೋ ಅವಕಾಶ, ಸೌಲಭ್ಯ, ಹಕ್ಕು, ಇಂಥದ್ದಕ್ಕೆ ಅದು. ಸ್ಕಾಲರ್‌ಶಿಪ್ ಇನ್ನೂ ಅವ್ರ ಕೈಯಲ್ಲಿದೆ, ಅವ್ರು ಕೊಟ್ಟಿಲ್ಲ ನೀನು ತಗೊಂಡಿಲ್ಲ, ಅಲ್ಲಿ "ಐ ಆಮ್ ಅಪ್ಲೈಯಿಂಗ್ ಫಾರ್" ಅನ್ನು. "ಬೈ ಅವೈಲಿಂಗ್ ಎಜುಕೇಶನ್ ಲೋನ್" ಅಂದಿದೀಯ, "ವಿತ್ ಆ್ಯನ್ ಎಜುಕೇಶನ್ ಲೋನ್" ಅಂದ್ರೆ ಮುಗೀತು. ಇರುವಕ್ಕಿಯ ಕೃಷಿ ವಿವಿಯಲ್ಲಿ ಓದೋವಾಗ ರಜೆ ಅವೈಲ್ ಮಾಡಿ ರೈತರ ತೋಟಕ್ಕೆ ಹೋಗಿದ್ದೆ ಅಂತ ಬರ್ದಿರೋದು ಟುಕ್ ಲೀವ್ ಆಗ್ಲಿ. ದೊಡ್ಡ ಪದ ಹಾಕಿದ್ರೆ ದೊಡ್ಡೋರ ಹಾಗೆ ಕಾಣ್ತದೆ ಅನ್ನೋದು ನಮ್ಮ ಆಫೀಸುಗಳು ಕಲಿಸಿದ ಚಾಳಿ, ಟೇಕ್, ಯೂಸ್, ಗೆಟ್ ಇವೆಲ್ಲ ಏನೂ ಬಡ ಪದ ಅಲ್ಲ.

ಕೊನೇದು ಮಾತ್ರ ಇಟ್ಕೋ, ಅವ್ರ ಮಣ್ಣಿನ ಲ್ಯಾಬ್ ಬಗ್ಗೆ ಬರ್ದಿರೋದು. "ಐ ವುಡ್ ಗ್ಲ್ಯಾಡ್ಲಿ ಅವೈಲ್ ಮೈಸೆಲ್ಫ್ ಆಫ್ ಯುವರ್ ಸಾಯಿಲ್ ಲ್ಯಾಬೊರೇಟರಿ" ಅಂತ ಮಾಡು. ಅಲ್ಲಿ ಆ ಪದಕ್ಕೆ ಜಾಗ ಇದೆ, ಲ್ಯಾಬ್ ಅಲ್ಲಿದೆ, ಉಪಯೋಗ ಮಾಡ್ಕೊಳ್ಳೋಳು ನೀನು, ಸ್ವಲ್ಪ ಗೌರವದ ಮಾತೂ ಆಗ್ತದೆ. ಮತ್ತೆ ಅದನ್ನ ತಿರುಗಿಸಿ "ವಾಸ್ ಅವೈಲ್ಡ್ ಬೈ ಮೀ" ಅಂತೆಲ್ಲ ಮಾಡೋಕೆ ಹೋಗ್ಬೇಡ, ಕೇಳೋಕಾಗಲ್ಲ.

ತಿದ್ದಿ ಇನ್ನೊಂದ್ಸಲ ಕಳ್ಸು, ಕರೆಂಟ್ ಇದ್ರೆ ರಾತ್ರಿನೇ ನೋಡ್ತೀನಿ. ಕೊನೇ ಸಾಲಲ್ಲಿ "ಕೈಂಡ್ಲಿ ಡು ದ ನೀಡ್‌ಫುಲ್" ಅಂತ ಇದೆ, ಅದನ್ನ ಈಗ್ಲೇ ಅಳಿಸು, ಯಾಕೆ ಅಂತ ಆಮೇಲೆ ಜಗಳ ಆಡುವ.

ಅಮ್ಮ