ನಾಳೆಯ ಅನಾಟಮಿ ಕ್ಲಾಸಿಗೆ ಜೇಡಿಮಣ್ಣು ತನ್ನಿ

ಮೊದಲ ವರ್ಷದ ನರ್ಸಿಂಗ್ ಮಕ್ಕಳೇ, ನಾಳೆ ಎಲ್ಲರೂ ಎರಡು ಹಿಡಿ ಜೇಡಿಮಣ್ಣು, ಸ್ವಲ್ಪ ದಾರ, ಗುಂಡುಸೂಜಿ ತನ್ನಿ. ಮಣ್ಣು ಸಿಗದಿದ್ದರೆ ಗಟ್ಟಿಯಾಗಿ ಕಲಸಿದ ಗೋಧಿಹಿಟ್ಟು ನಡೆಯುತ್ತದೆ.

ಗೇಣುದ್ದದ ಗೊಂಬೆ ಮಾಡೋಣ. ನೆಟ್ಟಗೆ ನಿಂತಿರಬೇಕು, ಮುಖ ಮುಂದಕ್ಕೆ, ಅಂಗೈಯೂ ಮುಂದಕ್ಕೆ. ಅಂಗೈ ವಿಷಯ ಸುಮ್ನೆ ಹೇಳುತ್ತಿಲ್ಲ. ಹಾಗಿದ್ದರೇ ಹೆಬ್ಬೆರಳು ಹೊರಗಡೆ ಬರುತ್ತದೆ, ಅದು ಲ್ಯಾಟರಲ್. ಕಿರುಬೆರಳು ಮೈ ಕಡೆ, ಮೀಡಿಯಲ್. ಅಂಗೈ ಹಿಂದಕ್ಕೆ ತಿರುಗಿದರೆ ಎಲ್ಲ ಉಲ್ಟಾ ಕಾಣುತ್ತದೆ. ಮೊಣಕೈಗೊಂದು, ಮಣಿಕಟ್ಟಿಗೊಂದು ಸೂಜಿ ಚುಚ್ಚಿ. ಭುಜಕ್ಕೆ ಹತ್ತಿರದ್ದು ಪ್ರಾಕ್ಸಿಮಲ್, ದೂರದ್ದು ಡಿಸ್ಟಲ್.

ಆಮೇಲೆ ಹೊಟ್ಟೆ. ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ದಾರ ಒತ್ತಿದರೆ 9 ಮನೆ. ನಡುವಿನದು ಅಂಬಿಲಿಕಲ್, ಅದರ ಮೇಲಿನದು ಎಪಿಗ್ಯಾಸ್ಟ್ರಿಕ್. ಅಪೆಂಡಿಕ್ಸ್ ಸಾಮಾನ್ಯವಾಗಿ ಬಲಗಡೆ ಕೆಳಗಿನ ಮನೆಯಲ್ಲಿ, ಅಂದರೆ ರೈಟ್ ಇಲಿಯಾಕ್. ಬಲ ಅಂದರೆ ಗೊಂಬೆಯ ಬಲ, ಎದುರು ಕೂತ ನಿಮ್ಮ ಬಲ ಅಲ್ಲ. ವಾರ್ಡಿನಲ್ಲಿ ಇದು ಅದಲುಬದಲಾದರೆ ಕಷ್ಟ ಪೇಷೆಂಟಿಗೆ, ಅಲ್ವಾ?

ಗೊಂಬೆ ಚೆಂದ ಇರಬೇಕಿಲ್ಲ, ಸೂಜಿ ಸರಿಯಾದ ಜಾಗದಲ್ಲಿದ್ದರೆ ಸಾಕು. ಹಾಸ್ಟೆಲ್‌ನವರು ಮಣ್ಣನ್ನು ಇವತ್ತೇ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಇಲ್ಲದಿದ್ದರೆ ಬೆಳಗ್ಗೆ ಬಿರಿದಿರುತ್ತದೆ.