ನಿಧಾನದ ತೋಟಾಕ್ಕೆ ಮೆತ್ತನೆಯ ಗುಂಡೇ ಸರಿ

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ಜಿಂಕೆ ಬೇಟೆಯ ಋತುವಿನ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಪರವಾನಗಿ, ಕಿತ್ತಳೆ ಬಣ್ಣದ ಅಂಗಿ, ಮಾಂಸದ ಹಂಚಿಕೆ ಇವನ್ನೆಲ್ಲ ಲೇಖಕರು ಸರಿಯಾಗಿಯೇ ವಿವರಿಸಿದ್ದಾರೆ. ಆದರೆ ಮನೆಯಲ್ಲೇ ತೋಟಾ ತುಂಬಿಕೊಳ್ಳುವವರ ಪ್ರಸ್ತಾಪ ಬಂದಾಗ, ಅಂಗಡಿಯ ತೋಟಾಕ್ಕಿಂತ ವೇಗವಾಗಿ ಹೋಗುವ, ಗಟ್ಟಿಯಾದ, ಚೂಪು ಮೂತಿಯ ಗುಂಡಿಗಾಗಿಯೇ ಅವರು ಈ ಕೆಲಸಕ್ಕೆ ಕೈಹಾಕುತ್ತಾರೆ ಎಂಬರ್ಥದ ಮಾತೊಂದನ್ನು ಸೇರಿಸಿದ್ದಾರೆ. ಮಿಷಿಗನ್ ರಾಜ್ಯದಲ್ಲಿ ನೆಲೆಸಿ, ಹನ್ನೆರಡು ವರ್ಷಗಳಿಂದ ತೋಟಾಗಳನ್ನು ನಾನೇ ತುಂಬಿಕೊಂಡು ಬೇಟೆಗೆ ಹೋಗುತ್ತಿರುವ ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ನಿಧಾನಗತಿಯ ತೋಟಾಗಳ ಮಟ್ಟಿಗಂತೂ ಅದು ತೀರ ತಲೆಕೆಳಗು.

ತೋಟಾ ತುಂಬುವುದರಲ್ಲಿ ದೊಡ್ಡ ಮರ್ಮವೇನಿಲ್ಲ. ಒಮ್ಮೆ ಹಾರಿಸಿ ಖಾಲಿಯಾದ ಹಿತ್ತಾಳೆಯ ಚಿಪ್ಪನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ತಳಕ್ಕೆ ಮದ್ದಿಗೆ ಕಿಡಿ ಕೊಡುವ ಹೊಸ ಕೇಪು ಹಾಕಿ, ಮದ್ದು ತಯಾರಕರ ಕೋಷ್ಟಕದಲ್ಲಿ ಹೇಳಿದಷ್ಟೇ ಮದ್ದನ್ನು ತೂಗಿ ಸುರಿದು, ಕೊನೆಗೆ ಬಾಯಿಗೆ ಗುಂಡನ್ನು ಕೂರಿಸುವುದು, ಅಷ್ಟೆ. ತೀರ್ಥಹಳ್ಳಿ ಕಡೆಯವನಾದ ನನಗೆ ಕೇಪು, ಮದ್ದು, ಗುಂಡು ಎಂಬ ಮಾತುಗಳೆಲ್ಲ ಅಜ್ಜನ ಕೇಪಿನ ಕೋವಿಯ ದಿನಗಳಿಂದಲೇ ಕಿವಿಗೆ ಬಿದ್ದವು. (ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆಯ ಬೇಟೆ ಅಪರಾಧ. ನಾನು ಬರೆಯುತ್ತಿರುವುದು ಕಾನೂನು ಒಪ್ಪಿದ ಇಲ್ಲಿನ ಬೇಟೆಯ ಬಗ್ಗೆ ಮಾತ್ರ.) ಮದ್ದಿನ ತೂಕದಲ್ಲಿ ಸ್ವಂತ ಬುದ್ಧಿ ಓಡಿಸುವಂತಿಲ್ಲ, ಓಡಿಸಿದವರ ಬಂದೂಕು ಒಡೆಯುತ್ತದೆ, ಕೆಲವೊಮ್ಮೆ ಕಣ್ಣೂ ಹೋಗುತ್ತದೆ. ತುಂಬುವವನಿಗೆ ನಿಜವಾದ ಆಯ್ಕೆ ಇರುವುದು ಗುಂಡಿನಲ್ಲಿ, ತಪ್ಪು ಮಾಡಲು ಅವಕಾಶ ಇರುವುದೂ ಅಲ್ಲಿಯೇ.

ನನ್ನದು ಥರ್ಟಿ-ಥರ್ಟಿ ವಿಂಚೆಸ್ಟರ್ ತೋಟಾದ ಬಂದೂಕು. ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದ 1894ರ ಮಾದರಿಯ ಲಿವರ್ ಬಂದೂಕಿಗಾಗಿ (ಕುದುರೆಯ ಬಳಿಯ ಸನ್ನೆಯನ್ನು ಕೆಳಗೆಳೆದು ಮುಂದಿನ ತೋಟಾ ಏರಿಸುವ ಬಗೆಯದು) 1895ರಲ್ಲಿ ಮಾರುಕಟ್ಟೆಗೆ ಬಂದ ಈ ತೋಟಾ, ಹೊಗೆ ಬಾರದ ಮದ್ದಿಗೆಂದೇ ಅಮೆರಿಕದಲ್ಲಿ ಸಿದ್ಧವಾದ ಮೊದಮೊದಲ ಬೇಟೆ ತೋಟಾಗಳಲ್ಲೊಂದು. 170 ಗ್ರೇನ್, ಅಂದರೆ ಸುಮಾರು 11 ಗ್ರಾಂ ತೂಗುವ ಗುಂಡು ನಳಿಗೆಯ ಬಾಯಿ ಬಿಡುವಾಗ ಸೆಕೆಂಡಿಗೆ ಸುಮಾರು 2,200 ಅಡಿ ವೇಗದಲ್ಲಿರುತ್ತದೆ. ನೂರು ಗಜ ದಾಟುವಷ್ಟರಲ್ಲಿ ಅದು 1,900 ಅಡಿಗೂ, ಇನ್ನೂರು ಗಜಕ್ಕೆ ಹೆಚ್ಚುಕಡಿಮೆ 1,600 ಅಡಿಗೂ ಇಳಿದುಬಿಡುತ್ತದೆ. ಇದಕ್ಕೆ ಹೋಲಿಸಿದರೆ .308 ವಿಂಚೆಸ್ಟರ್ ತೋಟಾ 150 ಗ್ರೇನಿನ ಗುಂಡನ್ನು 2,800 ಅಡಿಯ ವೇಗದಲ್ಲಿ ಕಳಿಸುತ್ತದೆ. ಎಡವುವ ಜಾಗ ಯಾವುದೆಂದರೆ, ಎರಡೂ ತೋಟಾಗಳ ಗುಂಡಿನ ದಪ್ಪ ಒಂದೇ, 0.308 ಇಂಚು. ಅಂಗಡಿಯ ಒಂದೇ ಕಪಾಟಿನಲ್ಲಿ ಎರಡೂ ಬಗೆಯ ಡಬ್ಬಿಗಳು ಅಕ್ಕಪಕ್ಕ ಕೂತಿರುತ್ತವೆ. ಯಾವುದನ್ನು ತಂದರೂ ಚಿಪ್ಪಿನ ಬಾಯಿಗೆ ಸರಿಯಾಗಿ ಕೂರುತ್ತದೆ.

ಬೇಟೆಯ ಗುಂಡಿಗೆ ಒಳಗೆ ಸೀಸ, ಹೊರಗೆ ತಾಮ್ರದ ಅಂಗಿ, ತುದಿಯಲ್ಲಿ ಬರಿಯ ಸೀಸ ಕಾಣುವ ಮೂತಿ. ಮೈಗೆ ತಗುಲಿದ ಕೂಡಲೇ ಮೂತಿ ಬಿಚ್ಚಿ ಅಗಲವಾಗಬೇಕು; ಆಗ ಮಾತ್ರ ಎದೆಯೊಳಗೆ ದೊಡ್ಡ ಗಾಯವಾಗಿ ಪ್ರಾಣಿ ನಿಮಿಷದೊಳಗೆ ಬೀಳುತ್ತದೆ. 2,800 ಅಡಿಯ ವೇಗಕ್ಕೆಂದು ಮಾಡಿದ ಗುಂಡಿನ ಅಂಗಿ ದಪ್ಪವಾಗಿರುತ್ತದೆ, ಇಲ್ಲದಿದ್ದರೆ ಅದು ಚೂರುಚೂರಾಗುತ್ತದೆ. ಅದೇ ಗುಂಡನ್ನು 1,800 ಅಡಿಯಲ್ಲಿ ಹೊಡೆದರೆ ಎಷ್ಟೋ ಸಲ ಅಂಗಿ ಬಿಚ್ಚಿಕೊಳ್ಳುವುದೇ ಇಲ್ಲ, ದಬ್ಬಣದಂತೆ ಈ ಕಡೆಯಿಂದ ಆ ಕಡೆಗೆ ದಾಟಿ ಹೋಗುತ್ತದೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ತುಂಬಲು ಶುರುಮಾಡಿದ ಎರಡನೆಯ ವರ್ಷ, ವೇಗದ ತೋಟಾಗಳಿಗೆಂದು ಮಾರುವ 165 ಗ್ರೇನಿನ ಚೂಪು ಗುಂಡೊಂದು ಕಾಗದದ ಗುರಿಯ ಮೇಲೆ ಮುಕ್ಕಾಲು ಇಂಚಿನೊಳಗೆ ಮೂರು ತೂತು ಬಿದ್ದದ್ದನ್ನು ನೋಡಿ ಹಿಗ್ಗಿ, ಅದನ್ನೇ ಕಾಡಿಗೆ ಒಯ್ದೆ. ನವೆಂಬರ್ 15, ಇಲ್ಲಿ ಬಂದೂಕು ಬೇಟೆ ಪ್ರತಿವರ್ಷ ತೆರೆಯುವ ದಿನ. ಕೆಲವು ಊರುಗಳಲ್ಲಿ ಶಾಲೆಗೂ ರಜೆ. ಸೀಡರ್ ಮರಗಳ ಜೌಗಿನ ಅಂಚಿನಲ್ಲಿ ನೂರ ಇಪ್ಪತ್ತು ಗಜ ದೂರಕ್ಕೆ ಬಂದ ಹೆಣ್ಣು ಜಿಂಕೆಗೆ ಗುಂಡು ತಗುಲಿದ್ದು ಎದೆಯ ತುಸು ಹಿಂದೆ. ಅದು ಬೆಚ್ಚಲೂ ಇಲ್ಲದೆ ಓಡಿತು. ಹಿಮದ ಮೇಲೆ ಕುಂಕುಮ ಚಿಮುಕಿಸಿದಷ್ಟು ರಕ್ತ, ಅದೂ ಇಪ್ಪತ್ತು ಹೆಜ್ಜೆಗೊಮ್ಮೆ. ಕತ್ತಲಾಗುವವರೆಗೆ ಮಂಡಿಯೂರಿ ಹುಡುಕಿದರೂ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಸಿಕ್ಕಾಗ ಕಯೋಟಿಗಳು (ಇಲ್ಲಿನ ನರಿಯಂಥ ಕಾಡುಪ್ರಾಣಿಗಳು) ಹಿಂಭಾಗವನ್ನು ತಿಂದಾಗಿತ್ತು. ಒಳಹೊಕ್ಕ ತೂತಿಗೂ ಹೊರಬಿದ್ದ ತೂತಿಗೂ ವ್ಯತ್ಯಾಸವೇ ಇರಲಿಲ್ಲ; ಎರಡರಲ್ಲೂ ನನ್ನ ಕಿರುಬೆರಳು ತೂರುತ್ತಿರಲಿಲ್ಲ. ಗುರಿ ಕೈಬೆರಳಷ್ಟು ಹಿಂದಾದದ್ದು ನನ್ನ ತಪ್ಪು, ಆದರೆ ಬಿಚ್ಚಿಕೊಳ್ಳುವ ಗುಂಡಾಗಿದ್ದರೆ ಆ ತಪ್ಪಿಗೆ ಜಿಂಕೆ ಇಡೀ ರಾತ್ರಿ ನರಳಬೇಕಾಗಿರಲಿಲ್ಲ.

ಆ ಚಳಿಗಾಲದಲ್ಲಿ ಪರೀಕ್ಷೆಗಿಳಿದೆ. ಹಳೆಯ ಪತ್ರಿಕೆಗಳನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಎರಡಡಿ ದಪ್ಪಕ್ಕೆ ಹಗ್ಗದಿಂದ ಬಿಗಿದು ಗುರಿಯಾಗಿಟ್ಟೆ (ತಮ್ಮ ಪತ್ರಿಕೆ ಇಲ್ಲಿಗೆ ಅಚ್ಚಿನಲ್ಲಿ ಬರುವುದಿಲ್ಲ, ಆದ್ದರಿಂದ ಆ ಪಾಪ ನನಗೆ ತಟ್ಟಿಲ್ಲ). ಹಲವರು ಇಂಥ ಪರೀಕ್ಷೆಯನ್ನು ಹತ್ತು ಹೆಜ್ಜೆಯಿಂದ ಮಾಡಿ ತೃಪ್ತರಾಗುತ್ತಾರೆ, ಅಲ್ಲಿ ಗುಂಡಿನ ವೇಗ ಇನ್ನೂ ಇಳಿದೇ ಇರುವುದಿಲ್ಲ. ಬೇಟೆಯಲ್ಲಿ ಎಷ್ಟು ದೂರಕ್ಕೆ ಹೊಡೆಯುತ್ತೇವೋ ಅಷ್ಟೇ ದೂರದಿಂದ ಹೊಡೆದು ನೋಡಬೇಕು. ನೂರ ಇಪ್ಪತ್ತು ಗಜದಿಂದ ಹೊಡೆದ ಚೂಪು ಗುಂಡು ಇಡೀ ಕಟ್ಟನ್ನು ತೂರಿ ಹಿಂದಿನ ಮಣ್ಣಿನಲ್ಲಿ ಸಿಕ್ಕಿತು, ಮೈಮೇಲೆ ನಳಿಗೆಯ ಗೀರುಗಳನ್ನು ಬಿಟ್ಟರೆ ಹೊಸದರಂತೆಯೇ ಇತ್ತು. ಥರ್ಟಿ-ಥರ್ಟಿಗೆಂದೇ ಮಾಡಿದ, ತೆಳು ಅಂಗಿಯ, ಚಪ್ಪಟೆ ಮೂತಿಯ 170 ಗ್ರೇನಿನ ಸಾದಾ ಗುಂಡು ಕಟ್ಟಿನ ನಡುವೆಯೇ ನಿಂತಿತ್ತು, ನಾಯಿಕೊಡೆಯಂತೆ ತಲೆ ಅರಳಿ ಅರ್ಧ ಇಂಚಿಗಿಂತ ಅಗಲವಾಗಿತ್ತು. ಕಾಗದದ ಗುರಿಯಲ್ಲಿ ಇದರ ತೂತುಗಳು ಒಂದೂಮುಕ್ಕಾಲು ಇಂಚಿಗೆ ಹರಡುತ್ತವೆ. ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಭಾಗ ಊಟದ ತಟ್ಟೆಯಷ್ಟಿರುವಾಗ ಆ ಒಂದು ಇಂಚಿಗಾಗಿ ಜಂಬಪಡುವುದು ತುಂಬುವವನ ಖಯಾಲಿ ಮಾತ್ರ.

ಚಪ್ಪಟೆ ಮೂತಿಗೆ ಇನ್ನೊಂದು ಕಾರಣವೂ ಇದೆ, ಅದು ಜೀವಕ್ಕೆ ಸಂಬಂಧಿಸಿದ್ದು. ಲಿವರ್ ಬಂದೂಕಿನ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತವೆ, ಹಿಂದಿನ ಗುಂಡಿನ ಮೂತಿ ಮುಂದಿನ ತೋಟಾದ ಕೇಪಿಗೆ ಒತ್ತಿಕೊಂಡಿರುತ್ತದೆ. ಗಟ್ಟಿ ಚೂಪು ಮೂತಿಯಾದರೆ ಬಂದೂಕು ಒದ್ದಾಗ ಅದೇ ಮೊಳೆಯಂತೆ ಕೇಪನ್ನು ಕುಟ್ಟಿ ಕೊಳವೆಯೊಳಗೇ ತೋಟಾ ಸಿಡಿಯಬಹುದು. ನಾನು ಚೂಪು ಗುಂಡನ್ನು ಕೊಳವೆಗೆ ತುಂಬದೆ ಒಂದೊಂದನ್ನೇ ಚೇಂಬರಿಗೆ ಹಾಕುತ್ತಿದ್ದೆ, ಅಷ್ಟು ವಿವೇಕ ಆಗಲೂ ಇತ್ತು. ಈಗ ರಬ್ಬರಿನಂತೆ ಮೆದುವಾದ ಪ್ಲಾಸ್ಟಿಕ್ ತುದಿಯ ಚೂಪು ಗುಂಡುಗಳು ಇಂಥ ಕೊಳವೆಗೆಂದೇ ಸಿಗುತ್ತವೆ, ಅವು ಕಡಿಮೆ ವೇಗದಲ್ಲೂ ಅರಳುವಂತೆ ಮಾಡಿದವು. ಲೇಖಕರು ಕಂಡ ಚೂಪು ಗುಂಡುಗಳು ಅವೇ ಇರಬಹುದು.

ಮೆದುವಾಗಿದ್ದರೆ ಸಾಕು ಎಂದೂ ಹೇಳುವಂತಿಲ್ಲ. ಮಿಷಿಗನ್ನಿನ ದಕ್ಷಿಣದ ಹೊಲಗಾಡಿನಲ್ಲಿ 2014ರಿಂದ ನೇರ ಗೋಡೆಯ (ಬಾಯಿಯ ಬಳಿ ಕತ್ತಿನಂತೆ ಕಿರಿದಾಗದ) ಚಿಪ್ಪಿನ, .35 ಇಂಚು ಅಥವಾ ಅದಕ್ಕಿಂತ ದಪ್ಪ ಗುಂಡಿನ ತೋಟಾಗಳಿಗೆ ಅನುಮತಿ ಸಿಕ್ಕಿತು, 2019ರಲ್ಲಿ ಬಂದ .350 ಲೆಜೆಂಡ್ ಈ ಬಗೆಯದು. ಅದರ ಗುಂಡಿನ ದಪ್ಪ ಪಿಸ್ತೂಲಿನ ಗುಂಡುಗಳಿಗೆ ತೀರ ಹತ್ತಿರ, ಹಾಗಾಗಿ ಅಗ್ಗಕ್ಕೆ ಸಿಗುವ ಪಿಸ್ತೂಲಿನ ಗುಂಡನ್ನೇ ತುಂಬುವ ಆಸೆ ಹಲವರಿಗೆ. ಸಾವಿರದ ಮುನ್ನೂರು ಅಡಿಯ ಆಸುಪಾಸಿಗೆ ಮಾಡಿದ ಆ ಗುಂಡು ಎರಡು ಸಾವಿರ ದಾಟಿದ ವೇಗದಲ್ಲಿ ಭುಜದ ಮೂಳೆಗೆ ಬಡಿದರೆ ಅಲ್ಲೇ ಪುಡಿಯಾಗುತ್ತದೆ, ಎದೆಯೊಳಗೆ ಇಳಿಯುವುದಿಲ್ಲ. ಇನ್ನೊಂದು ತುದಿಯಲ್ಲಿ, .300 ಬ್ಲ್ಯಾಕ್‌ಔಟ್ ತೋಟಾದಲ್ಲಿ ಶಬ್ದದ ವೇಗಕ್ಕಿಂತ ಕೆಳಗೆ, ಸಾವಿರದ ಐವತ್ತು ಅಡಿಯೊಳಗೆ ಕಳಿಸುವಾಗ ಮಾಮೂಲಿ ಥರ್ಟಿ-ಥರ್ಟಿ ಗುಂಡೂ ಗಟ್ಟಿಯೇ ಆಗುತ್ತದೆ. ಆ ವೇಗಕ್ಕೆಂದೇ ಮಾಡಿದ್ದನ್ನು ಬಿಟ್ಟು ಬೇರೆಯದನ್ನು ಜಿಂಕೆಯ ಮೇಲೆ ಪ್ರಯೋಗಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೇಟೆಗೆ ಸೀಸದ ಗುಂಡನ್ನು 2019ರ ಜುಲೈ 1ರಿಂದ ಪೂರ್ತಿ ನಿಷೇಧಿಸಿದ ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗ ಮಿತ್ರರು ಇಡೀ ತಾಮ್ರದ ಗುಂಡನ್ನು ಕೊಳ್ಳುವಾಗಲೂ ಡಬ್ಬಿಯ ಮೇಲೆ ತೂಕದ ಬದಲು ಅರಳಲು ಬೇಕಾದ ಕನಿಷ್ಠ ವೇಗ ಎಷ್ಟೆಂದು ನೋಡುವುದು ಒಳ್ಳೆಯದು.

ಲೇಖಕರು ಅರಳುವ ಗುಂಡನ್ನು ಕ್ರೂರವೆಂದು ಕರೆದಿರುವುದಕ್ಕೂ ಒಂದು ಮಾತು. ಕಲ್ಕತ್ತೆಯ ಬಳಿಯ ಡಮ್‌ಡಮ್ ಕಾರ್ಖಾನೆಯ ಹೆಸರು ಹೊತ್ತ ಅಂಥ ಗುಂಡನ್ನು 1899ರ ಹೇಗ್ ಘೋಷಣೆ ಯುದ್ಧದಲ್ಲಿ ನಿಷೇಧಿಸಿದ್ದು ನಿಜ. ಬೇಟೆಯಲ್ಲಿ ಇಲ್ಲಿನ ಹಲವು ರಾಜ್ಯಗಳ ನಿಯಮ ಅದಕ್ಕೆ ತದ್ವಿರುದ್ಧ: ಅರಳದ ಗುಂಡಿನಿಂದ ಜಿಂಕೆ ಹೊಡೆದರೆ ದಂಡ.

ಈ ನವೆಂಬರಿಗೆಂದು ಇಪ್ಪತ್ತು ತೋಟಾ ತುಂಬಿಟ್ಟಿದ್ದೇನೆ, ಎಲ್ಲವೂ ಆ ಚಪ್ಪಟೆ ಮೂತಿಯ 170 ಗ್ರೇನಿನವೇ. ಉಳಿದ ಎಂಬತ್ತಮೂರು ಚೂಪು ಗುಂಡುಗಳನ್ನು .308 ಬಂದೂಕಿರುವ ನೆರೆಯವರಿಗೆ ಕೊಟ್ಟುಬಿಟ್ಟೆ. ಅವರ ಬಂದೂಕಿನಲ್ಲಿ ಅವು ಚೆನ್ನಾಗಿಯೇ ಅರಳುತ್ತಿವೆಯಂತೆ.

ಇತಿ ತಮ್ಮ ವಿಶ್ವಾಸಿ,
ತೀರ್ಥಹಳ್ಳಿ ಮೂಲದ ಓದುಗ,
ಲ್ಯಾನ್ಸಿಂಗ್, ಮಿಷಿಗನ್